ಬಾಣಂತಿಯ ಆರೈಕೆಯೂ ಬರೆಹದ ಸಾಕ್ಷ್ಯವೂ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯನ್ನು ಕುರಿತ ಒಂದು ವಿಮರ್ಶೆ

1

ಒಂದು ಸೀಮೆಯ ಜನರು ರೋಗರುಜಿನಗಳನ್ನು ಹೇಗೆ ಎದುರಿಸಿದರು, ಕಷ್ಟಕಾಲದಲ್ಲಿ ಯಾರ ಬಾಗಿಲಿಗೆ ಹೋದರು, ಹೋದವರಿಗೆ ಆ ಬಾಗಿಲು ತೆರೆಯಿತೇ ಎಂಬುದನ್ನು ಅರಿಯಲು ನಮಗೆ ಉಳಿದಿರುವ ಮುಖ್ಯ ಸಾಧನ ಬರೆಹವೇ. ಈ ಬರೆಹವನ್ನು ವೈದ್ಯರು ತಮ್ಮ ಕೆಲಸಕ್ಕಾಗಿ ಓದುತ್ತಾರೆ. ಆಡಳಿತಗಾರರು ತಮ್ಮ ಲೆಕ್ಕಕ್ಕಾಗಿ ಓದುತ್ತಾರೆ. ಬರೆಹವನ್ನು ಬರೆಹವೆಂದೇ ಓದುವ ಅಭ್ಯಾಸವುಳ್ಳ ನಾವು ಮಾತ್ರ ಅದನ್ನು ನಮ್ಮ ವಿಷಯವಲ್ಲವೆಂದು ಬದಿಗಿಟ್ಟಿದ್ದೇವೆ. ಯಾವ ಮಾತು ಏನನ್ನು ತೋರಿಸುತ್ತದೆ, ಏನನ್ನು ಮರೆಮಾಚುತ್ತದೆ ಎಂದು ಪರೀಕ್ಷಿಸುವದೇ ವಿಮರ್ಶೆಯ ಕೆಲಸವಾಗಿದ್ದರೆ, ಒಂದು ಜೀವದ ಅಳಿವು ಉಳಿವುಗಳನ್ನು ಕುರಿತ ಮಾತಿಗಿಂತ ಹೆಚ್ಚಾಗಿ ಆ ಪರೀಕ್ಷೆಗೆ ಅರ್ಹವಾದುದು ಬೇರೊಂದಿಲ್ಲ.

ಇಲ್ಲಿ ನಾವು ಘಟಪ್ರಭಾ ನದಿಯ ದಡದ ಸೀಮೆಯನ್ನು, ಎಂದರೆ ಹುಕ್ಕೇರಿ, ಗೋಕಾಕ ಹಾಗೂ ಇತ್ತೀಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಮೂಡಲಗಿಯನ್ನು ಆರಿಸಿಕೊಂಡಿದ್ದೇವೆ. ಸಾಹಿತ್ಯದ ಅಭ್ಯಾಸಿಗಳಿಗೆ ಇದು ಅಪರಿಚಿತವಾದ ನೆಲವಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ರೂಪ ಕೊಟ್ಟ ಕುಲಗೋಡ ತಮ್ಮಣ್ಣ, ಬೆಟಗೇರಿ ಕೃಷ್ಣಶರ್ಮ, ಬಸವರಾಜ ಕಟ್ಟೀಮನಿ, ಘೋಡಗೇರಿಯ ಚಂದ್ರಶೇಖರ ಕಂಬಾರ ಇವರೆಲ್ಲ ಈ ಮಣ್ಣಿನವರೇ. ಆರೋಗ್ಯದ ಇತಿಹಾಸದಲ್ಲಿಯೂ ಈ ಸೀಮೆಗೆ ತನ್ನದೇ ಆದ ಸ್ಥಾನವಿದೆ. ವಿಷಯವು ವಿಸ್ತಾರವಾದುದರಿಂದ ಹೆರಿಗೆ ಮತ್ತು ಬಾಣಂತನಗಳೆಂಬ ಒಂದೇ ಪ್ರಕರಣವನ್ನು ಹಿಡಿದು ಮೂರು ಬಗೆಯ ಬರೆಹಗಳನ್ನು ವಿವೇಚಿಸುತ್ತೇವೆ: ಸರಕಾರದ ವರದಿ, ಹೆಂಗಸರ ಹಾಡು, ವಿಜ್ಞಾನದ ಪ್ರಯೋಗಪತ್ರ.

2

ಮೊದಲನೆಯದಾಗಿ ವರದಿ. ಬೆಳಗಾವಿ ಜಿಲ್ಲೆಯ ಹಳೆಯ ಗ್ಯಾಝೆಟಿಯರು 1884ರಲ್ಲಿ ಮುಂಬಯಿ ಇಲಾಖೆಯ ಮಾಲೆಯಲ್ಲಿ ಪ್ರಕಟವಾಯಿತು. ಆ ಕಾಲಕ್ಕೆ ಗೋಕಾಕವು ಒಂದು ತಾಲೂಕು; ಹುಕ್ಕೇರಿಯು ಚಿಕ್ಕೋಡಿಯೊಳಗೆ ಸೇರಿತ್ತು. ಈ ಗ್ರಂಥದ ಪರಿಶ್ರಮವನ್ನೂ ಉಪಯೋಗವನ್ನೂ ಯಾರೂ ಅಲ್ಲಗಳೆಯಲಾರರು. ಆದರೆ ಅದರ ರಚನೆಯಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹೆರಿಗೆಯ ವಿಷಯವು ಅದರಲ್ಲಿ ಬರುವದು ಜನರನ್ನು ಕುರಿತ ಅಧ್ಯಾಯದಲ್ಲಿ. ಸೂಲಗಿತ್ತಿಯು ಹೊಕ್ಕಳುಬಳ್ಳಿ ಕೊಯ್ಯುವದು, ಐದನೆಯ ದಿನ ಸಟವಿಯನ್ನು ಪೂಜಿಸುವದು, ತೊಟ್ಟಿಲಿಗೆ ಹಾಕುವದು ಇವೆಲ್ಲ ಜಾತಿಜಾತಿಗೂ ಬೇರೆಬೇರೆಯಾಗಿ ಆಚಾರಗಳೆಂದು ವರ್ಣಿತವಾಗಿವೆ. ಆರೋಗ್ಯಕ್ಕೆ ಬೇರೆಯೇ ಅಧ್ಯಾಯ. ಅಲ್ಲಿ ದವಾಖಾನೆಗಳಿವೆ, ದೇವಿ ಹಾಕುವವರಿದ್ದಾರೆ, ಜ್ವರಗಳ ಲೆಕ್ಕವಿದೆ. ಈ ಎರಡು ಅಧ್ಯಾಯಗಳೂ ಒಂದನ್ನೊಂದು ನೋಡುವದಿಲ್ಲ. ಹೆರುವ ಹೆಂಗಸು ಆಚಾರದ ಅಧ್ಯಾಯದಲ್ಲಿದ್ದಾಳೆ. ಔಷಧವು ಆರೋಗ್ಯದ ಅಧ್ಯಾಯದಲ್ಲಿದೆ.

ಇದು ಹಳೆಯ ಗ್ರಂಥವೊಂದರ ದೋಷವಷ್ಟೇ ಆಗಿದ್ದರೆ ನಾವು ಇಷ್ಟು ಹೇಳುತ್ತಿದ್ದಿಲ್ಲ. ಈ ವಿಭಜನೆಯು ನಮ್ಮ ಕಾಲದ ವರದಿಗಳಲ್ಲಿಯೂ ಮುಂದುವರಿದಿದೆ. ಬಯಲು ನಾಡಿನಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ನಮ್ಮ ದೇಶದ ಅಳತೆ. ಅಳತೆಯು ಬೇಕಾದುದೇ. ಆದರೆ ಇದು ಜನಸಂಖ್ಯೆಯ ಅಳತೆ, ಹೊತ್ತಿನ ಅಳತೆಯಲ್ಲ. ಹೆರಿಗೆಯಾದ ಮೇಲೆ ರಕ್ತಸ್ರಾವವು ನಿಲ್ಲದೆ ಹೋದರೆ ಎರಡು ತಾಸುಗಳೊಳಗೇ ಪ್ರಾಣಕ್ಕೆ ಎರವಾಗಬಹುದು. ಹೀಗಿರುವಾಗ ಕೇಂದ್ರವು ಎಷ್ಟು ಜನಕ್ಕೆ ಒಂದು ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಒಂದು ಎಂಬುದೇ ನಿಜವಾದ ಪ್ರಶ್ನೆ. ಗೋಕಾಕದಿಂದ ಜಿಲ್ಲೆಯ ಮುಖ್ಯ ಆಸ್ಪತ್ರೆಯಿರುವ ಬೆಳಗಾವಿಗೆ 60 ಕಿಲೋಮೀಟರಿಗೂ ಮಿಕ್ಕ ದಾರಿ. ಮೂಡಲಗಿಯ ಒಳಹಳ್ಳಿಗಳಿಂದ ಅದು ಇನ್ನೂ ದೂರ. ಹೊಳೆ ತುಂಬಿದಾಗ ಈ ದಾರಿಯ ಲೆಕ್ಕವೇ ಬದಲಾಗುವದು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ನಕಾಶೆಯಲ್ಲಿ ಆರೋಗ್ಯ ಕೇಂದ್ರವು ಇದ್ದಲ್ಲಿಯೇ ಇದ್ದರೂ ಹೊಳೆಯ ಆಚೆಯ ಗರ್ಭಿಣಿಗೆ ಆ ದಿನ ಅದು ಇಲ್ಲದ ಹಾಗೆಯೇ ಸರಿ.

ವರದಿಗಳ ಸಾಕ್ಷ್ಯವನ್ನು ಏಕಪಕ್ಷೀಯವಾಗಿ ನೋಡುವದು ತರವಲ್ಲ. ಅವು ಹೇಳುವ ಒಳ್ಳೆಯ ಮಾತೂ ಇದೆ. ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228ರಷ್ಟಿದ್ದ ತಾಯಂದಿರ ಮರಣವು 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಆಸ್ಪತ್ರೆಗಳಲ್ಲಿ ಆಗುವ ಹೆರಿಗೆಗಳು 2005–06ರಲ್ಲಿ ನೂರಕ್ಕೆ ಸುಮಾರು 65 ಇದ್ದವು. 2019–20ರ ಸಮೀಕ್ಷೆಯಲ್ಲಿ ಅವು 97ಕ್ಕೆ ಏರಿದವು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, 2008ರಲ್ಲಿ ಆರಂಭವಾದ 108ರ ಗಾಡಿ, ಊರೂರಿನ ಆಶಾ ಕಾರ್ಯಕರ್ತೆಯರ ಓಡಾಟ ಇವುಗಳ ಫಲ ಇದರಲ್ಲಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಬಹುಮಟ್ಟಿಗೆ ಎಲ್ಲರೂ ಬಾಗಿಲನ್ನು ಮುಟ್ಟಿದ ಮೇಲೆ ಬಾಗಿಲಿನ ಒಳಗೆ ಏನಿದೆ ಎಂಬ ಪ್ರಶ್ನೆಯು ಮುಂದೆ ಬರುವದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಹೆರಿಗೆಯ ಬಳಿಕ ಹಲವು ಬಾಣಂತಿಯರು ತೀರಿಕೊಂಡು, ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟವೇ ವಿಚಾರಣೆಗೆ ಬಂದಿತು. ಆ ತಾಯಂದಿರೆಲ್ಲ ‘ಆಸ್ಪತ್ರೆಯ ಹೆರಿಗೆ’ ಎಂಬ ಅಂಕಣದಲ್ಲಿ ಯಶಸ್ಸಿನ ಲೆಕ್ಕಕ್ಕೆ ಸೇರಿದವರೇ. ಅಂಕಣವು ಸುಳ್ಳಾಡಲಿಲ್ಲ, ಅದನ್ನು ಕೇಳಿದ ಪ್ರಶ್ನೆಯೇ ಸಾಲದಾಗಿತ್ತು.

3

ಎರಡನೆಯದು ಹಾಡು. ಉತ್ತರ ಕರ್ನಾಟಕದ ಹೆಂಗಸರ ಬೀಸುಕಲ್ಲಿನ ಪದಗಳ ಮೊದಲ ದೊಡ್ಡ ಸಂಗ್ರಹವಾದ ‘ಗರತಿಯ ಹಾಡು’ 1931ರಲ್ಲಿ ಹಲಸಂಗಿಯ ಗೆಳೆಯರ ಶ್ರದ್ಧೆಯಿಂದ ಹೊರಬಂದಿತು. ಹಲಸಂಗಿಯು ವಿಜಾಪುರದ ಕಡೆಯ ಊರಾದರೂ ಆ ತ್ರಿಪದಿಗಳ ಜಗತ್ತು ಘಟಪ್ರಭೆಯ ದಡದ್ದೂ ಹೌದು. ತವರು, ಅಣ್ಣತಮ್ಮಂದಿರು, ಬಯಕೆ, ತೊಟ್ಟಿಲು, ಮಕ್ಕಳಿಲ್ಲದವಳ ಸಂಕಟ ಇವು ಅದರ ಉಸಿರು. ಕುಬಸದ ಸಂಭ್ರಮವೂ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆಯೂ ಈ ಸೀಮೆಯಲ್ಲಿ ಇಂದಿಗೂ ಜೀವಂತವಾಗಿವೆ.

ನಮ್ಮ ವಿಮರ್ಶಕರು ತವರಿನ ಹಾಡುಗಳನ್ನು ಭಾವದ ದೃಷ್ಟಿಯಿಂದ ಸಾಕಷ್ಟು ಕೊಂಡಾಡಿದ್ದಾರೆ. ತವರೆಂಬುದು ಭಾವವಷ್ಟೇ ಅಲ್ಲ, ಅದೊಂದು ಆರೈಕೆಯ ಸಂಸ್ಥೆ ಎಂಬುದನ್ನು ಮಾತ್ರ ಎತ್ತಿ ಹೇಳಿದಂತಿಲ್ಲ. ಹೆರಿಗೆಯ ಮುಂಚಿನ ತಿಂಗಳುಗಳಲ್ಲಿ ದುಡಿಮೆಯಿಂದ ಬಿಡುಗಡೆ, ಹೊಟ್ಟೆ ತುಂಬ ಊಟ, ನೋವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಅವ್ವನ ಸಾನ್ನಿಧ್ಯ, ಹೆರಿಗೆಯ ಮೇಲೆ ವಾರಗಟ್ಟಲೆ ವಿಶ್ರಾಂತಿ: ಇವುಗಳನ್ನು ಯಾವ ಸರಕಾರವೂ ಯೋಜಿಸಲಿಲ್ಲ, ಯಾವ ಖಜಾನೆಯೂ ಹಣ ಕೊಡಲಿಲ್ಲ. ಸೊಸೆಯಾಗಿ ನುಂಗಿಕೊಳ್ಳುವ ನೋವನ್ನು ಮಗಳಾಗಿ ಬಾಯಿಬಿಟ್ಟು ಹೇಳಲು ಆಗುವದು. ಹಾಡಿನಲ್ಲಿ ತವರಿನ ಹಾದಿಯನ್ನು ಅಷ್ಟು ಹಂಬಲದಿಂದ ನೋಡುವದಕ್ಕೆ ಪ್ರೀತಿಯ ಜೊತೆಗೆ ಜೀವರಕ್ಷಣೆಯ ಕಾರಣವೂ ಇದ್ದಿತೆಂದು ನಮ್ಮ ಅಭಿಪ್ರಾಯ.

ಆದರೆ ಹಾಡಿಗೂ ತನ್ನ ಮೌನವುಂಟು. ಬಯಕೆಯಿಂದ ತೊಟ್ಟಿಲಿಗೆ ಹಾಡು ಹಾಯುವದು. ನಡುವಣ ಕೋಣೆಯ ಅಪಾಯವನ್ನು ಹೆಸರಿಟ್ಟು ಕರೆಯುವದು ಅಪರೂಪ. ಶುಭಕಾರ್ಯದಲ್ಲಿ ಅಶುಭವನ್ನು ನುಡಿಯಬಾರದೆಂಬ ನಿಯಮವು ಇದಕ್ಕೆ ಕಾರಣವಾಗಿರಬೇಕು. ಆಚಾರವು ಮಾತ್ರ ಅಪಾಯವನ್ನು ತನ್ನ ರೀತಿಯಲ್ಲಿ ಗುರುತಿಸಿದೆ. ಸಟವಿಯು ಬಂದು ಹಣೆಬರೆಹ ಬರೆಯುವದು ಐದನೆಯ ರಾತ್ರಿ ಎಂಬ ನಂಬಿಕೆಯನ್ನು ಗಮನಿಸಿರಿ. ಹೊಕ್ಕಳ ಗಾಯದಿಂದ ಕೂಸಿಗೆ ತಗಲುವ ಧನುರ್ವಾಯುವು ತಲೆದೋರುವದು ಸಾಮಾನ್ಯವಾಗಿ ಹುಟ್ಟಿದ ಮೂರನೆಯ ದಿನದಿಂದ ಎರಡು ವಾರಗಳ ಒಳಗೆ; ಬಾಣಂತಿಯ ನಂಜುಜ್ವರಕ್ಕೂ ಮೊದಲ ವಾರವೇ ಕೆಟ್ಟ ಕಾಲ. ಐದನೆಯ ರಾತ್ರಿಯ ದೀಪವು ಕಂಡ ಮರಣಗಳ ನೆನಪಿನಿಂದಲೇ ಹಚ್ಚಿದ ದೀಪವಾಗಿರಬಹುದು. ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು 2015ರಲ್ಲಿ ದೃಢಪಟ್ಟಿತು. ಐದನೆಯ ದಿನದ ಆ ಒಂದು ಶತ್ರುವು ಬಹುಮಟ್ಟಿಗೆ ಸೋತಿದೆ. ಆದರೆ ಮೊದಲ ಎರಡು ತಾಸಿನ ಶತ್ರುವಾದ ರಕ್ತಸ್ರಾವಕ್ಕೆ ಆಚಾರದಲ್ಲಿ ಯಾವ ದೀಪವೂ ಇಲ್ಲ. ಅದು ಬರುವದು ಬಲು ಬೇಗ, ಪೂಜೆಗೆ ಎಡೆಯಿಲ್ಲದಷ್ಟು ಬೇಗ.

ತವರಿನ ಪದ್ಧತಿಯಿಂದ ಮತ್ತೊಂದು ತೊಡಕೂ ಹುಟ್ಟಿಕೊಂಡಿದೆ. ಗರ್ಭಿಣಿಯ ಹೆಸರು ಮೊದಲು ದಾಖಲಾಗುವದು ಬಹುಮಟ್ಟಿಗೆ ಗಂಡನ ಊರಿನಲ್ಲಿ. ಅವಳು ಹೆರುವದು ತವರಿನಲ್ಲಿ. ತಾಯಿ ಕಾರ್ಡು ಅವಳ ಜೊತೆಗೆ ಹೋಗುವದು, ಅವಳನ್ನು ಬಲ್ಲ ಆಶಾ ಕಾರ್ಯಕರ್ತೆ ಹೋಗಲಾರಳು. ಹುಕ್ಕೇರಿಯ ಪಶ್ಚಿಮಕ್ಕೆ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜವಿದೆ. ಕೊಟ್ಟು ತರುವ ಸಂಬಂಧಗಳು ಗಡಿಯನ್ನು ಲೆಕ್ಕಿಸುವದಿಲ್ಲ, ಆದರೆ ದಾಖಲೆಗಳು ಲೆಕ್ಕಿಸುತ್ತವೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಹೊರಗಿನಿಂದ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುವ ಗ್ಯಾಂಗುಗಳ ಹೆಂಗಸರಿಗೆ ಇಲ್ಲಿ ತವರೂ ಇಲ್ಲ, ಗಂಡನ ಊರೂ ಇಲ್ಲ. ದೇವದಾಸಿ ಪದ್ಧತಿಗೆ ಸಿಕ್ಕ ಹೆಂಗಸರ ಸ್ಥಿತಿಯಂತೂ ಮತ್ತೂ ಕಠಿಣ. ಗಂಡನ ಹೆಸರು ಏನೆಂದು ಕೇಳುವ ಅರ್ಜಿಯೇ ಅವರನ್ನು ಬಾಗಿಲಲ್ಲಿ ತಡೆಯುವದು. ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಸೇರಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿದೆ. ಗರತಿಯ ಹಾಡಿನಲ್ಲಿ ಗರತಿಗೆ ಸ್ಥಾನವಿದೆ. ಗರತಿಯೆಂದು ಯಾರೂ ಕರೆಯದವಳ ಬಾಣಂತನವನ್ನು ವರದಿಯೂ ಹಾಡೂ ಎರಡೂ ಬಿಟ್ಟುಕೊಟ್ಟವು.

4

ಮೂರನೆಯದು ಪ್ರಯೋಗಪತ್ರ. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಅಮೇರಿಕೆಯ ಸಂಶೋಧಕರೊಡಗೂಡಿ 2002ರಿಂದ 2005ರ ವರೆಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗವೊಂದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1,620 ಹೆಂಗಸರು ಅದರಲ್ಲಿ ಭಾಗವಹಿಸಿದರು. ಹೆರಿಗೆಯಾದ ಕೂಡಲೇ ಸಹಾಯಕ ದಾದಿಯರು ಕೆಲವರಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ನುಂಗಲು ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನು ಕೊಟ್ಟರು. ಎರಡನೆಯ ಗುಂಪಿನಲ್ಲಿ ನೂರಕ್ಕೆ 12ರಷ್ಟಿದ್ದ ಅತಿಸ್ರಾವವು ಮೊದಲನೆಯ ಗುಂಪಿನಲ್ಲಿ 6.4ಕ್ಕೆ ಇಳಿಯಿತು, 18 ಹೆಂಗಸರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿಸ್ರಾವವು ತಪ್ಪುವದೆಂದು ಕಂಡುಬಂದಿತು. ಆಕ್ಸಿಟೋಸಿನ್ ಎಂಬ ಚುಚ್ಚುಮದ್ದನ್ನು ತಂಪಿನಲ್ಲಿ ಕಾಯ್ದಿಡಬೇಕು, ಚುಚ್ಚಬಲ್ಲ ಕೈಯೂ ಬೇಕು. ಈ ಮಾತ್ರೆಗೆ ಅವೆರಡೂ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಅದನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಔಷಧಕ್ಕಿಂತಲೂ ಕುತೂಹಲಕರವಾದುದು ಆ ಪ್ರಯೋಗದಲ್ಲಿ ಬಳಸಿದ ಒಂದು ಸಾಧನ. ಎಷ್ಟು ರಕ್ತ ಹೋಯಿತೆಂಬುದನ್ನು ಕಣ್ಣಳತೆಯಿಂದ ಹೇಳುವದೇ ಅಲ್ಲಿಯ ವರೆಗಿನ ರೂಢಿ. ಬೆಳಗಾವಿಯ ಸಂಶೋಧಕರು ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲವೊಂದನ್ನು ಹೆರುವವಳ ಕೆಳಗೆ ಹಾಸುವ ಹಾಳೆಗೆ ಜೋಡಿಸಿ ರೂಪಿಸಿದರು. ಅದರೊಡನೆ ಹೋಲಿಸಿ ನೋಡಲಾಗಿ ಕಣ್ಣಳತೆಯು ನಿಜವಾದ ಪ್ರಮಾಣಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆ ಹೇಳುತ್ತದೆಂದು ತಿಳಿದುಬಂದಿತು. ಎಂದರೆ ಬಳಿಯಲ್ಲಿಯೇ ನಿಂತು ನೋಡುವವರಿಗೂ ಅಪಾಯವು ಅಪಾಯವಾಗಿ ಕಾಣುತ್ತಿದ್ದಿಲ್ಲ. ಕಾಣದುದಕ್ಕೆ ಚಿಕಿತ್ಸೆಯಾದರೂ ಎಲ್ಲಿಂದ ಬರಬೇಕು?

ಈ ಚೀಲದ ಮುಂದಿನ ಕಥೆಯು ಪಶ್ಚಿಮ ಆಫ್ರಿಕೆಯೊಡನೆ ಕೂಡಿಕೊಂಡಿದೆ. ಇದೇ ಬಗೆಯ ಅಳತೆಯ ಚೀಲವನ್ನೂ ಅತಿಸ್ರಾವವು ಕಂಡೊಡನೆ ಎಲ್ಲ ಚಿಕಿತ್ಸೆಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನೂ ನೈಜೀರಿಯಾ, ಕೀನ್ಯಾ, ಟಾಂಝಾನಿಯಾ, ದಕ್ಷಿಣ ಆಫ್ರಿಕಾ ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಎರಡು ಲಕ್ಷಕ್ಕೂ ಮಿಕ್ಕ ಹೆರಿಗೆಗಳನ್ನೊಳಗೊಂಡ ಈ ಪರೀಕ್ಷೆಯ ಫಲವು 2023ರಲ್ಲಿ ಪ್ರಕಟವಾಯಿತು. ಹಳೆಯ ಕ್ರಮದಲ್ಲಿ ಅತಿಸ್ರಾವಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಗುರುತಿಗೆ ಬರುತ್ತಿದ್ದವು; ಹೊಸ ಕ್ರಮದಲ್ಲಿ ನೂರಕ್ಕೆ 93 ಗುರುತಿಗೆ ಬಂದವು. ತೀವ್ರ ಸ್ರಾವ, ಶಸ್ತ್ರಕ್ರಿಯೆ ಅಥವಾ ಮರಣಗಳೆಂಬ ಕೆಟ್ಟ ಪರಿಣಾಮಗಳು ನೂರಕ್ಕೆ 4.3ರಿಂದ 1.6ಕ್ಕೆ ಇಳಿದವು. ಬೆಳಗಾವಿಯ ಹಳ್ಳಿಯ ಹೆರಿಗೆಗಾಗಿ ಹುಟ್ಟಿದ ವಿಚಾರವೊಂದು ನೈಜೀರಿಯದ ಬಾಣಂತಿಯರ ರಕ್ಷಣೆಗೆ ಒದಗಿತೆಂಬುದು ನಾವೆಲ್ಲ ಹೆಮ್ಮೆಪಡಬೇಕಾದ ಸಂಗತಿ.

ಹೆಮ್ಮೆಯು ವಿಮರ್ಶೆಯ ಕಣ್ಣನ್ನು ಮುಚ್ಚಬಾರದು. ಪ್ರಯೋಗಪತ್ರದ ಭಾಷೆಯು ಖಚಿತವಾದುದು. ಆ ಖಚಿತತೆಯಿಂದಲೇ ಅದು ಕೆಲವನ್ನು ಹೊರಗಿಟ್ಟಿದೆ. ಔಷಧವಿಲ್ಲದ ಮಾತ್ರೆಯನ್ನು ನುಂಗಿದ ಎಂಟುನೂರಕ್ಕೂ ಮಿಕ್ಕ ಹೆಂಗಸರ ಹೋಲಿಕೆಯಿಂದ ಈ ಜ್ಞಾನವು ಬಂದಿತು. ಹಳ್ಳಿಯ ಹೆರಿಗೆಯಲ್ಲಿ ಆಗ ಅವರಿಗೆ ಬೇರೆ ಔಷಧವೇ ಸಿಗುತ್ತಿದ್ದಿಲ್ಲವೆಂಬುದು ಇದಕ್ಕೆ ಸಮಾಧಾನ. ಆದರೆ ಸಿಗದಿದ್ದುದೇ ಅಲ್ಲವೇ ಮೂಲ ಪ್ರಶ್ನೆ? ಕೊರತೆಯನ್ನು ಇದ್ದುದು ಇದ್ದಂತೆ ಒಪ್ಪಿಕೊಂಡು ಅದರ ಮೇಲೆ ಪ್ರಯೋಗವನ್ನು ಕಟ್ಟುವಾಗ, ಆ ಕೊರತೆಗೆ ಕಾರಣವೇನೆಂಬ ವಿಚಾರವು ಪತ್ರದ ಹೊರಗೆ ಉಳಿಯುವದು. ಅಲ್ಲದೆ ಈ ಬರೆಹದಲ್ಲಿ ಹೆಂಗಸಿಗೆ ರಕ್ತವಿದೆ, ವಯಸ್ಸಿದೆ, ಹೆತ್ತ ಮಕ್ಕಳ ಸಂಖ್ಯೆಯಿದೆ; ಅವಳು ಹೇಳಿದ ಒಂದು ಮಾತೂ ಇಲ್ಲ. ಹಾಡಿನಲ್ಲಿ ಮಾತಿದೆ, ಅಳತೆಯಿಲ್ಲ. ಇಲ್ಲಿ ಅಳತೆಯಿದೆ, ಮಾತಿಲ್ಲ.

5

ಈ ಮೂರು ಬರೆಹಗಳನ್ನು ಒಂದುಗೂಡಿಸಿ ಓದಲು ಸಹಾಯಕವಾದ ವಿಚಾರವೊಂದನ್ನು 1994ರಲ್ಲಿ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಇವರು ಮುಂದಿಟ್ಟರು. ಹೆರಿಗೆಯಲ್ಲಿ ತಾಯಂದಿರು ಸಾಯುವದಕ್ಕೆ ಮೂರು ವಿಳಂಬಗಳು ಕಾರಣ: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿಯ ವಿಳಂಬ, ಹೋಗಿ ಮುಟ್ಟುವಲ್ಲಿಯ ವಿಳಂಬ, ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿಯ ವಿಳಂಬ. ಮೇನ್ ಅವರಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವು ಘಾನಾ, ನೈಜೀರಿಯಾ, ಸಿಯೆರಾ ಲಿಯೋನ್ ದೇಶಗಳ ವೈದ್ಯರೊಡನೆಯೂ ಸಮಾಜಶಾಸ್ತ್ರಜ್ಞರೊಡನೆಯೂ ಆ ಕಾಲದಲ್ಲಿಯೇ ಕೆಲಸ ಮಾಡಿತು. ಘಾನಾದ ಉತ್ತರಕ್ಕಿರುವ ನವ್ರೊಂಗೊದಲ್ಲಿ 1994ರಲ್ಲಿ ಆರಂಭವಾದ ಪ್ರಯೋಗವು ಮತ್ತೊಂದು ಮಾತನ್ನು ತೋರಿಸಿತು. ದಾದಿಯನ್ನು ದೂರದ ಕೇಂದ್ರದಿಂದ ಕರೆತಂದು ಹಳ್ಳಿಯಲ್ಲಿಯೇ ವಾಸಕ್ಕೆ ಇರಿಸಿ, ಊರಿನ ಹಿರಿಯರ ಒಪ್ಪಿಗೆಯಿಂದ ಕೆಲಸ ನಡೆಸಿದರೆ ಮಕ್ಕಳ ಮರಣವು ಇಳಿಯುತ್ತದೆ. 1999ರಲ್ಲಿ ಅದು ಆ ದೇಶದ ನೀತಿಯೇ ಆಯಿತು. ವಿಶ್ವಾಸವು ಮುರಿದರೆ ಏನಾಗುವದೆಂಬುದಕ್ಕೂ ಆ ಭಾಗದಲ್ಲಿಯೇ ನಿದರ್ಶನವಿದೆ. 2014ರಿಂದ 2016ರ ವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ರೋಗವು 11,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ಗರ್ಭಿಣಿಯರು ಭಯದಿಂದ ಆಸ್ಪತ್ರೆಗಳನ್ನೇ ತೊರೆದರು. ಕಟ್ಟಡಗಳು ಇದ್ದವು; ನಂಬಿಕೆ ಇರಲಿಲ್ಲ.

ನಂಬಿಕೆಯನ್ನು ಕಟ್ಟುವ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಸೇವಾದಳದ ಸ್ಥಾಪಕರಾದ ಡಾ. ನಾ. ಸು. ಹರ್ಡೀಕರರೂ ಡಾ. ಕೊಕಟನೂರರೂ ಅವರ ಸಂಗಡಿಗರೂ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ನೆಲೆಗೊಳಿಸಿದರು. ಪುಣೆ ಮತ್ತು ಹುಬ್ಬಳ್ಳಿಗಳ ನಡುವಣ ರೇಲ್ವೆಯ ಒಂದು ಸಣ್ಣ ನಿಲ್ದಾಣವು ಇದರಿಂದ ರೋಗಿಗಳ ಆಶ್ರಯವಾಯಿತು. ಅದಕ್ಕೆ ಮೊದಲು ಇಲ್ಲಿಯ ಕಷ್ಟದ ರೋಗಿಗಳು ಇದೇ ರೇಲ್ವೆ ಹತ್ತಿ ಮಿರಜದ ಮಿಶನ್ ಆಸ್ಪತ್ರೆಗೆ ಹೋಗಬೇಕಾಗುತ್ತಿದ್ದಿತು. ಸ್ವಾತಂತ್ರ್ಯದ ಬಳಿಕ ಅದೇ ಘಟಪ್ರಭೆಯಲ್ಲಿ ಜನರು ಪಾಲುದಾರರಾಗುವ ಜೆ. ಜಿ. ಸಹಕಾರಿ ಆಸ್ಪತ್ರೆಯೂ ಬೆಳೆಯಿತು. ಆಸ್ಪತ್ರೆಯೆಂಬುದು ಸರಕಾರದ ಕೊಡುಗೆಯೋ ಸಾಹುಕಾರನ ಅಂಗಡಿಯೋ ಆಗಿರಬೇಕಾಗಿಲ್ಲ, ತಮ್ಮದೇ ಆದ ಸಂಸ್ಥೆಯೂ ಆಗಬಹುದೆಂಬ ವಿಚಾರವು ಈ ನೆಲದಲ್ಲಿ ಒಮ್ಮೆ ಬೇರು ಬಿಟ್ಟಿತ್ತು. ತಾಲೂಕುಗಳನ್ನು ಒಡೆದು ಹೊಸತು ಮಾಡುವ ಉತ್ಸಾಹದಲ್ಲಿ ಇದನ್ನು ಮರೆಯಲಾಗದು. ಊರಿಗೆ ತಾಲೂಕಿನ ಹೆಸರು ಬರುವದೂ, ನಡುರಾತ್ರಿಯಲ್ಲಿ ಶಸ್ತ್ರಕ್ರಿಯೆ ಮಾಡಬಲ್ಲ ವೈದ್ಯರೂ ಅರಿವಳಿಕೆ ಕೊಡುವವರೂ ಹೊಂದುವ ರಕ್ತವೂ ಒಂದೆಡೆ ಸಿಗುವದೂ ಒಂದೇ ಮಾತಲ್ಲ.

6

ಇಷ್ಟು ವಿವೇಚನೆಯಿಂದ ನಾವು ತಲುಪುವ ನಿರ್ಣಯವು ಸರಳವಾದುದು. ಮೊದಲ ವಿಳಂಬವನ್ನು ಬಲ್ಲುದು ಹಾಡು. ಯಾರು ಯಾರಿಗೆ ನೋವು ಹೇಳಿಕೊಳ್ಳಬಲ್ಲರು, ಯಾರ ಮಾತು ಮನೆಯಲ್ಲಿ ನಡೆಯುವದು ಎಂಬುದನ್ನು ಅದರಷ್ಟು ಚೆನ್ನಾಗಿ ಯಾವ ಸಮೀಕ್ಷೆಯೂ ಹೇಳಲಾರದು. ಎರಡನೆಯ ವಿಳಂಬವನ್ನು ಬಲ್ಲುದು ವರದಿ. ಅದು ಜನಸಂಖ್ಯೆಯ ಬದಲು ಹೊತ್ತನ್ನೂ ಹೊಳೆಯನ್ನೂ ಲೆಕ್ಕಕ್ಕೆ ಹಿಡಿದರೆ ಮಾತ್ರ. ಮೂರನೆಯದನ್ನು ಬಲ್ಲುದು ಪ್ರಯೋಗಪತ್ರ. ಸಾಯುವ ಹೆಂಗಸಿಗೆ ಈ ಮೂರೂ ಒಂದೇ ರಾತ್ರಿಯಲ್ಲಿ ಒಂದರ ಬೆನ್ನಿಗೊಂದು ಬರುವಂಥವು. ಅವುಗಳನ್ನು ಮೂರು ಅಧ್ಯಾಯಗಳಾಗಿ, ಮೂರು ಇಲಾಖೆಗಳಾಗಿ, ವಿಶ್ವವಿದ್ಯಾಲಯದಲ್ಲಿ ಮೂರು ವಿಭಾಗಗಳಾಗಿ ಒಡೆದವರು ನಾವು.

ಹೀಗೆಂದು ಸಾಹಿತ್ಯದ ಅಧ್ಯಾಪಕರು ವೈದ್ಯರಾಗಬೇಕೆಂದಾಗಲಿ, ವೈದ್ಯರು ತ್ರಿಪದಿ ಬರೆಯಬೇಕೆಂದಾಗಲಿ ನಮ್ಮ ಸೂಚನೆಯಲ್ಲ. ಜಾನಪದವನ್ನು ಸಂಗ್ರಹಿಸಲು ಹಳ್ಳಿಗೆ ಹೋಗುವ ನಮ್ಮ ವಿದ್ಯಾರ್ಥಿಯು ಬಯಕೆಯ ಹಾಡನ್ನು ಬರೆದುಕೊಂಡ ಮೇಲೆ ಇನ್ನೂ ಒಂದು ಪ್ರಶ್ನೆ ಕೇಳಬಹುದು: ಹಾಡಿದ ಅಜ್ಜಿಯ ಹೆರಿಗೆಗಳು ಎಲ್ಲಿ ಆದವು, ಯಾರು ಬಳಿಯಿದ್ದರು, ಉಳಿಯದೆ ಹೋದವರು ಯಾರು? ಆ ಉತ್ತರವನ್ನು ಹೆಸರು ಮರೆಮಾಡಿ, ಅವಳ ಒಪ್ಪಿಗೆಯಿಂದ, ಅವಳ ನುಡಿಯಲ್ಲಿಯೇ ಬರೆದಿಟ್ಟರೆ ಪ್ರಯೋಗಪತ್ರಕ್ಕೆ ಇಲ್ಲದ ಮಾತು ದೊರೆಯುವದು. ಹಾಗೆಯೇ ತಾಯಂದಿರ ಮರಣದ ವಿಚಾರಣೆ ನಡೆಸುವ ಅಧಿಕಾರಿಯು ತವರಿನವರ ಹೇಳಿಕೆಯನ್ನು ‘ಅಜ್ಞಾನದಿಂದ ವಿಳಂಬ’ ಎಂಬ ಎರಡು ಶಬ್ದಗಳಲ್ಲಿ ಮುಗಿಸದೆ, ಗಾಡಿಯು ಎಷ್ಟು ಹೊತ್ತಿಗೆ ಬಂದಿತು, ಯಾವ ಆಸ್ಪತ್ರೆಯಿಂದ ಯಾವ ಆಸ್ಪತ್ರೆಗೆ ಕಳಿಸಿದರು, ರಕ್ತ ಯಾವಾಗ ಸಿಕ್ಕಿತು ಎಂದು ಅವರ ಬಾಯಿಂದಲೇ ಬರೆಯಿಸಿಕೊಂಡರೆ ವರದಿಗೆ ಕಣ್ಣು ಬರುವದು. ಅಜ್ಞಾನವೆಂಬ ಮಾತು ಬಹುಸಾರಿ ದಾರಿಯ ದೂರವನ್ನು ಬಡವರ ತಲೆಗೆ ಕಟ್ಟುವ ಉಪಾಯವಾಗಿ ಬಳಕೆಯಾಗಿದೆ.

ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ರಷ್ಟು ಜನ ರಕ್ತಹೀನತೆಯಿಂದ ಬಳಲುತ್ತಿದ್ದಾರೆಂದು 2019–20ರ ಸಮೀಕ್ಷೆಯು ಹೇಳಿತು. ರಕ್ತವೇ ಕಡಿಮೆಯಿದ್ದವಳಿಗೆ ಅಳತೆಯ ಚೀಲದ ಮೊದಲ ಗೆರೆಯೂ ಅಪಾಯದ ಗೆರೆಯೇ. ಆ ಗೆರೆಯನ್ನು ಓದಬಲ್ಲ ದಾದಿಯೂ, ಅವಳ ಕೂಗಿಗೆ ಓಗೊಡುವ ಗಾಡಿಯೂ, ಗಾಡಿಗೆ ಮುಳುಗದ ಸೇತುವೆಯೂ, ಸೇತುವೆಯ ಆಚೆಗೆ ಎಚ್ಚರವಾಗಿರುವ ಆಸ್ಪತ್ರೆಯೂ ಒಂದರೊಡನೊಂದು ಕೂಡಿದಾಗಲೇ ಆರೈಕೆಯೆಂಬ ಶಬ್ದಕ್ಕೆ ಅರ್ಥ. ನಮ್ಮ ಪಾಲಿನ ಕೆಲಸವೆಂದರೆ ಆ ಶಬ್ದವನ್ನು ಸಡಿಲವಾಗಿ ಬಳಸಗೊಡದಿರುವದು. ಕಟ್ಟಡವನ್ನು ಆರೈಕೆಯೆಂದೂ ದಾಖಲೆಯನ್ನು ರಕ್ಷಣೆಯೆಂದೂ ಕರೆದಲ್ಲೆಲ್ಲ ತಡೆದು ಕೇಳುವದು.